ಹೀರಾ ಅತ್ತಿಯ ಪಾಲು

ಜಪಾನಿನ ಹಕಾತಾದಲ್ಲಿ ನಾನು ಹೊಕ್ಕ ಆ ಅಂಗಡಿಯಲ್ಲಿ ಒಬ್ಬರಿಗೆಂದು ಊಟ ಕೊಡುವ ಪದ್ಧತಿ ಇರಲಿಲ್ಲ. ಮೋತ್ಸುನಾಬೆ ಎಂಬ ಆ ಊರಿನ ಕರುಳಿನ ಸಾರು ಬೇಕಿದ್ದರೆ ಕನಿಷ್ಠ ಇಬ್ಬರ ಪಾಲು ತೆಗೆದುಕೊಳ್ಳಬೇಕು. ಅಂಗಡಿಯ ಹೆಂಗಸು ಎರಡು ಬೆರಳು ತೋರಿಸಿ, ನನ್ನ ಹಿಂದೆ ಬಾಗಿಲಿನ ಕಡೆ ನೋಡಿ ಏನೋ ಕೇಳಿದಳು. ಇನ್ನೊಬ್ಬರು ಬರುತ್ತಾರಾ ಎಂದು ಕೇಳುತ್ತಿದ್ದಾಳೆ ಅಂತ ತಿಳಿಯಲು ಭಾಷೆ ಬೇಕಾಗಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಜೊತೆ ಪ್ರವಾಸಕ್ಕೆ ಬಂದಿದ್ದ ಮಂದಿ ಬೆಳಿಗ್ಗೆ ಊರ ಹೊರಗಿನ ಮಲಗಿದ ಬುದ್ಧನಿಗೆ ಕೈಮುಗಿದು ಬಂದು, ಅನ್ನದ ಡಬ್ಬಿ ಬಿಚ್ಚಿಕೊಂಡು ಹೋಟೆಲಿನಲ್ಲೇ ಕೂತಿದ್ದರು. ಬರುವವರು ಯಾರೂ ಇರಲಿಲ್ಲ. ಆದರೂ ಅವಳು ಎರಡು ಬಟ್ಟಲು ಇಟ್ಟಳು. ಮೇಜಿನ ಮೇಲಿನ ಸಣ್ಣ ಗ್ಯಾಸ್ ಒಲೆಗೆ ಅಗಲ ಬಾಯಿಯ ಪಾತ್ರೆ ಬಂತು. ಎಲೆಕೋಸಿನ ರಾಶಿ, ಅದರ ಮೇಲೆ ಬೆಳ್ಳುಳ್ಳಿಯ ಘಾಟಿನ ಉದ್ದುದ್ದ ಹಸಿರು ಸೊಪ್ಪು, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿಯ ಚೂರು, ಎಲ್ಲದರ ಅಡಿಯಲ್ಲಿ ದನದ ಸಣ್ಣ ಕರುಳಿನ ಬಿಳಿ ತುಂಡುಗಳು. ಸೊಪ್ಪು ಬಾಡಿ ರಸದೊಳಗೆ ಇಳಿಯುವವರೆಗೆ ಮುಟ್ಟಬೇಡ ಎಂದು ಸನ್ನೆ ಮಾಡಿ ಹೋದಳು. ಕಾಯುತ್ತ ಕೂತೆ. ಕುದಿ ಹತ್ತಿತು, ಹಬೆ ಎದ್ದಿತು, ಆ ವಾಸನೆ ಬಂತು. ಐವತ್ತು ವರ್ಷದ ಮೇಲಾಗಿತ್ತು ಅದನ್ನು ಮೂಸಿ. ನನ್ನ ಎಡಗಡೆಯ ಖಾಲಿ ಕುರ್ಚಿಯಲ್ಲಿ ಯಾರೋ ಕೆಮ್ಮಿದಂತಾಯಿತು. ನಾನು ಆ ಕಡೆ ನೋಡದೆ ಒಲೆಯ ಉರಿ ಸಣ್ಣ ಮಾಡಿದೆ.

ಬ್ಯಾಂಕಿನ ನೌಕರಿ ಮುಗಿದ ಮೇಲೆ ಊರೂರು ತಿರುಗಿ ಉಂಡದ್ದನ್ನು ಬರೆಯುವುದು ನನಗೆ ಚಟವಾಗಿದೆ. ಒಂದು ಮಾಸಪತ್ರಿಕೆಯವರು ಅದನ್ನು ತಪ್ಪದೆ ಹಾಕುತ್ತಾರೆ. ಓದಿದವರು ಸಿಕ್ಕಾಗ ಕೇಳುತ್ತಾರೆ, ನಿಮ್ಮ ನಾಲಿಗೆಗೆ ಇಷ್ಟು ರುಚಿ ಕಲಿಸಿದವರು ಯಾರ್ರೀ ಅಂತ. ನಮ್ಮವ್ವನ ಶೇಂಗಾ ಹೋಳಿಗೆ ಎಂದು ಹೇಳಿ ಜಾರಿಕೊಳ್ಳುತ್ತೇನೆ. ಹೋಳಿಗೆ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ಹಕಾತಾದ ಆ ಊಟದ ಬಗ್ಗೆಯೂ ಚೊಕ್ಕವಾಗಿ ಬರೆದು ಕಳಿಸಿದೆ. ಕರುಳನ್ನು ಹಿಟ್ಟು ಹಚ್ಚಿ ತಿಕ್ಕಿ ತೊಳೆಯುತ್ತಾರೆ, ವಾಸನೆಗೆ ಹೆದರಬೇಡಿ, ಕೊನೆಗೆ ಉಳಿದ ರಸಕ್ಕೆ ದಪ್ಪ ಶಾವಿಗೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ ಎಂದೆಲ್ಲ. ಹಿಂದೆ ಕಲ್ಲಿದ್ದಲ ಗಣಿಯ ಕೂಲಿಗಳು ಉಳ್ಳವರು ಬಿಸಾಕಿದ ಕರುಳನ್ನು ತಂದು ಬೇಯಿಸಿಕೊಳ್ಳುತ್ತಿದ್ದರಂತೆ, ಈಗ ದೇಶವಿದೇಶದ ಮಂದಿ ಅದಕ್ಕಾಗಿ ಸಾಲಿನಲ್ಲಿ ನಿಲ್ಲುತ್ತಾರೆ ಎಂಬ ಮಾತನ್ನೂ ಸೇರಿಸಿದೆ. ಪಕ್ಕದ ಖಾಲಿ ಕುರ್ಚಿಯಿಂದ ಕೇಳಿದ ಆ ಕೆಮ್ಮನ್ನು ಮಾತ್ರ ಬರೆಯಲಿಲ್ಲ. ಅದಕ್ಕೆ ಕಾರಣ ದಿಗ್ಗೇವಾಡಿಯ ನಮ್ಮ ಮನೆ, ಅದರ ಹಿತ್ತಲು, ಮತ್ತು ಹತ್ತು ವರ್ಷದವಳಿದ್ದಾಗ ನಾನು ಮಾಡಿದ ಒಂದು ಕೆಲಸ.

ಎರಡು ಖೋಲಿಯ ಮನೆ ನಮ್ಮದು. ಮುಂದಿನ ಖೋಲಿ ಅಪ್ಪನದು. ಅವನು ಪಕ್ಕದ ಊರಿನ ಕನ್ನಡ ಶಾಲೆಯಲ್ಲಿ ಮಾಸ್ತರ. ಬುದ್ಧನ ಫೋಟೋ, ಅದರ ಕೆಳಗೆ ಮೇಣದಬತ್ತಿ, ಬಾಗಿಲ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಗೋಡೆಗೆ ಒಂದು ಕ್ಯಾಲೆಂಡರು. ಆ ಕ್ಯಾಲೆಂಡರಿನಲ್ಲಿ ಅಪ್ಪ ವರ್ಷದ ಎಲ್ಲ ಹುಣ್ಣಿಮೆಗಳಿಗೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಡುತ್ತಿದ್ದ. ಹುಣ್ಣಿಮೆಗೆ ಓಣಿಯ ಮಂದಿ ಬಂದು ಕೂತು ವಂದನೆ ಹೇಳುತ್ತಿದ್ದರು. ಅಮಾವಾಸ್ಯೆಯನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಳಗಿನ ಖೋಲಿ ಅವ್ವನ ಅಡುಗೆಯದು, ನೆಲ ಸಾರಿಸಿ ಸಾರಿಸಿ ಕನ್ನಡಿಯಾಗಿತ್ತು. ಅದರಾಚೆ ಹಿತ್ತಲು, ಅದು ಆಯಿಯ ರಾಜ್ಯ. ಆಯಿ ಅಂದರೆ ಅಪ್ಪನ ತಾಯಿ. ಸೋಗೆ ಹೊದಿಸಿದ ಚಪ್ಪರ, ಮೂರು ಕಲ್ಲಿನ ಒಲೆ, ಒಂದು ಕರಿ ಮಣ್ಣಿನ ಗಡಿಗೆ. ಬೇಲಿಯಾಚೆ ಕಬ್ಬಿನ ಹೊಲಕ್ಕೆ ನೀರು ಹೋಗುವ ಕಾಲುವೆ. ಮನೆಗೆ ಬಂದವರಿಗೆ ಅಪ್ಪ ಮುಂದಿನ ಖೋಲಿ ತೋರಿಸುತ್ತಿದ್ದ, ಒಳಗಿನ ಖೋಲಿಯನ್ನೂ ತೋರಿಸುತ್ತಿದ್ದ. ಹಿತ್ತಲ ಬಾಗಿಲು ಮಾತ್ರ ಮುಂದಕ್ಕೆ ಎಳೆದಿಡುತ್ತಿದ್ದ.

ಬೋಟಿಯೇ ಅಪ್ಪ ಮತ್ತು ಆಯಿಯ ಜಗಳ. ರಾಯಬಾಗದ ಸಂತೆಗೆ ಹೋದ ದಿನ ಆಯಿ ಖಾಟಿಕರ ಅಂಗಡಿಯಿಂದ ಆಡಿನ ಬೋಟಿ ತರುತ್ತಿದ್ದಳು. ಕರುಳನ್ನು ಕಡ್ಡಿಯಿಂದ ಒಳಹೊರಗು ಮಾಡಿ, ಜೋಳದ ಹಿಟ್ಟು ಹಚ್ಚಿ ತಿಕ್ಕಿ, ಏಳು ನೀರಿನಲ್ಲಿ ತೊಳೆದು, ಉಳ್ಳಾಗಡ್ಡಿ ಬೆಳ್ಳುಳ್ಳಿ ಕೆಂಪುಖಾರ ಹಾಕಿ ಗಡಿಗೆಯಲ್ಲಿ ಎಸರಿಡುತ್ತಿದ್ದಳು. ಓಣಿಯ ಹೆಂಗಸರು ಅವರವರ ವಾಟಗಾ, ಅಂದರೆ ಬಟ್ಟಲು, ಹಿಡಿದುಕೊಂಡು ಬರುತ್ತಿದ್ದರು. ಗಡಿಗೆಯನ್ನು ಒಲೆಯಿಂದ ಇಳಿಸುವಂತಿಲ್ಲ. ಅದು ಕುದಿಯುತ್ತಲೇ ಇರಬೇಕು, ಸುತ್ತ ಕೂತು ಮೊಗೆದು ಮೊಗೆದು ಉಣ್ಣಬೇಕು, ತಳದ ರಸಕ್ಕೆ ತಂಗಳ ರೊಟ್ಟಿ ಮುರಿದು ಹಾಕಿ ಹಂಚಿಕೊಳ್ಳಬೇಕು. ಅಪ್ಪನಿಗೆ ಈ ಹೊಗೆಯೇ ಆಗುತ್ತಿರಲಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನದಿಂದ ಅವನು ಅದನ್ನು ಬಾಯಿಗಿಟ್ಟಿರಲಿಲ್ಲ.

"ಮ್ಯಾಲಿನ ಜಾತಿಯವರು ಬಿಸಾಕಿದ್ದನ್ನ ತಿಂದ ಬದುಕಿದ ಮಂದಿ ನಾವು," ಎನ್ನುತ್ತಿದ್ದ. "ಓಣಿಗೆ ಬಂದಾವ ಮೂಗ ಮುಚಗೊಂಡ ನಮ್ಮ ಮನಿ ಯಾವದಂತ ಗುರ್ತ ಹಿಡೀತಾನ. ಅದು ಸಾಕಾಗೇತಿ ನನಗ."

"ನಾ ರೊಕ್ಕಾ ಕೊಟ್ಟ ತರತೀನಿ. ಯಾರ ಬಿಸಾಕ್ಯಾರೋ?" ಎಂದು ಆಯಿ ಒಲೆ ಊದುತ್ತಿದ್ದಳು.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು ಅಂತ ಈಗ ಅನಿಸುತ್ತದೆ. ಆಗ ನಾನು ಪೂರ್ತಿ ಅಪ್ಪನ ಪಾರ್ಟಿ. ಅವನ ಸೈಕಲ್ಲಿನ ಹಿಂದೆ ಕೂತು ಅವನ ಶಾಲೆಗೇ ಹೋಗುತ್ತಿದ್ದೆ. ಹಿಂದಿನ ದಿನ ಹಿತ್ತಲಿನಲ್ಲಿ ಒಲೆ ಹೊತ್ತಿದ್ದರೆ ನನ್ನ ಲಂಗವನ್ನು ಮೂಸಿ ನೋಡಿಕೊಂಡು ಹೊರಡುತ್ತಿದ್ದೆ. ಬೋಟಿಯ ರುಚಿ ಮಾತ್ರ ನನಗೆ ಪ್ರಾಣ. ಆಯಿಯ ವಾಟಗಾದಿಂದ ಕದ್ದು ತಿಂದು, ಬಾಯಿ ತೊಳೆದುಕೊಂಡು, ಮುಂದಿನ ಖೋಲಿಗೆ ಬಂದು ಪಾಠ ಓದುವ ಮಳ್ಳಿ ನಾನು.

ಹೀರಾ ಅತ್ತಿ ಅಪ್ಪನ ಒಬ್ಬಳೇ ತಂಗಿ. ನಿಪ್ಪಾಣಿ ಕಡೆ ಕೊಟ್ಟಿದ್ದರು, ಅಲ್ಲಿ ತಂಬಾಕಿನ ಗೋದಾಮಿನಲ್ಲಿ ಕೂಲಿ ಮಾಡುತ್ತಿದ್ದಳು. ಕೆಮ್ಮು ಹತ್ತಿತು. ಗಂಡ ಕರೆತಂದು ಬಿಟ್ಟು ಹೋದ, ಮತ್ತೆ ಬರಲಿಲ್ಲ. ಅಪ್ಪ ತನ್ನ ಮುಂದಿನ ಖೋಲಿಯನ್ನೇ ಅವಳಿಗೆ ಬಿಟ್ಟುಕೊಟ್ಟ. ಡಾಕ್ಟರು ಹೇಳಿದ ಹಾಲು, ತತ್ತಿ, ಸೂಜಿ, ಗುಳಿಗೆ, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಅವಳ ಉಗುಳಿನ ಡಬ್ಬಿಯನ್ನು ತಾನೇ ತೊಳೆಯುತ್ತಿದ್ದ. ತಂಗಿಯನ್ನು ಅಷ್ಟು ಅಕ್ಕರೆಯಿಂದ ನೋಡಿಕೊಂಡವರನ್ನು ನಾನು ಕಂಡಿಲ್ಲ. ಕೊನೆಕೊನೆಗೆ ಅವಳಿಗೆ ಏನೂ ಸೇರದಾಯಿತು. ಒಂದು ಮಧ್ಯಾಹ್ನ ಅಪ್ಪನ ಕೈ ಹಿಡಿದುಕೊಂಡು ಕೇಳಿದಳು.

"ಅಣ್ಣಾ, ಅವ್ವನ ಕೈದು ಬೋಟಿ ರಸಾ ಒಂದ ಗುಟಕ ಕೊಡಸೋ. ಬಾಯಿ ಕೆಟ್ಟೇತಿ."

"ಅದೊಂದ ಕೇಳಬ್ಯಾಡ ಹೀರಾ. ನಾಳಿ ಮೀನ ತರತೀನಿ. ಕೋಳಿ ಕೊಯ್ಯೋಣು. ಅದೊಂದ ಬ್ಯಾಡ."

ಮೀನು ಬಂತು, ಕೋಳಿಯೂ ಬಂತು. ಅವಳು ಮುಟ್ಟಲಿಲ್ಲ. ಎಂಟು ದಿನಕ್ಕೆ ಹೋದಳು. ಮಗಳ ಆಸೆ ಬಾಯಲ್ಲೇ ಉಳಿಯಿತು ಎಂದು ಆಯಿ ಮಣ್ಣು ಕೊಡುವಾಗಲೂ ಹೇಳಿ ಅತ್ತಳು, ಅಪ್ಪ ಕೇಳಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದ.

ಆಮೇಲೆ ಆಯಿ ವರ್ಷಕ್ಕೊಮ್ಮೆ, ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಯ ದಿನ, ಹೀರಾ ಅತ್ತಿಯ ಹೆಸರಲ್ಲಿ ಬೋಟಿ ಇಡತೊಡಗಿದಳು. ಎಡೆ ಇಡುವುದು, ಕಾಗೆ ಕಾಯುವುದು, ಇದೆಲ್ಲ ದೀಕ್ಷೆ ತೆಗೆದುಕೊಂಡ ಮನೆಯಲ್ಲಿ ಆಗಬಾರದು ಎಂದು ಅಪ್ಪ ಮೊದಲ ವರ್ಷ ಕೂಗಾಡಿದ, ಎರಡನೆಯ ವರ್ಷ ಆ ಹೊತ್ತಿಗೆ ಸೈಕಲ್ ತೆಗೆದುಕೊಂಡು ಎಲ್ಲೋ ಹೊರಟುಹೋದ. ಅವತ್ತು ಕುದಿಯುವ ಗಡಿಗೆಯ ಸುತ್ತ ಹೆಂಗಸರು ಕೂತಿರುತ್ತಿದ್ದರು, ಆದರೆ ಯಾರೂ ಮೊಗೆಯುವಂತಿಲ್ಲ. ಮೊದಲ ಸೌಟು ಮುತ್ತಲದ ಎಲೆಗೆ ಬೀಳಬೇಕು, ಅದನ್ನು ಬೇಲಿಯ ಹತ್ತಿರ ಇಟ್ಟು ಬರಬೇಕು, ಕಾಗೆ ಮುಟ್ಟಬೇಕು. ಅಲ್ಲಿಯತನಕ ಅವರು ಹೀರಾ ಅತ್ತಿ ಸಂತೆಗೆ ಹೋಗಿ ತಡಮಾಡಿದ್ದಾಳೆ ಎಂಬಂತೆ ಮಾತಾಡುತ್ತಿದ್ದರು. ಬಿಸಲಾಗ ಎಲ್ಲಿ ಕುಂತಾಳೋ ಏನೋ, ಕಾಲ ನೊಂದಿರಬೇಕ ಅಂತ ಒಬ್ಬಳು. ಬರತಾಳ ಬಿಡ್ರಿ, ಈ ವಾಸನಿಗೆ ಬರದ ಇರತಾಳೇನ ಅಂತ ಇನ್ನೊಬ್ಬಳು. ಸುಡುವ ಮಧ್ಯಾಹ್ನದಲ್ಲಿ ನನಗೆ ಮೈ ಜುಮ್ಮೆನ್ನುತ್ತಿತ್ತು. ಆ ಎರಡೂ ವರ್ಷ ಕಾಗೆ ಬೇಗನೆ ಬಂತು, ಆಯಿಯ ಮುಖ ಅರಳಿತು.

ಮೂರನೆಯ ವರ್ಷ ಅಪ್ಪ ತನ್ನ ಶಾಲೆಯ ಹೆಡ್ ಮಾಸ್ತರು, ಇನ್ನೊಬ್ಬ ಮಾಸ್ತರು ಮತ್ತು ನಮ್ಮ ಅಕ್ಕೋರನ್ನು ಊಟಕ್ಕೆ ಕರೆದ. ಅಕ್ಕೋರು ನನ್ನ ವರ್ಗದ ಟೀಚರು. ಅವರ ಕೈಬರಹ, ಅವರ ಜಡೆ, ಅವರು ಸೀಮೆಸುಣ್ಣ ಹಿಡಿಯುವ ರೀತಿ, ಎಲ್ಲ ನನಗೆ ಹುಚ್ಚು. ಹಿಂದೆಂದೂ ಅಂಥವರು ನಮ್ಮ ಓಣಿಯಲ್ಲಿ ಊಟಕ್ಕೆ ಕೂತದ್ದಿರಲಿಲ್ಲ. ಬರತೀವಿ ಅಂದಾರ ಎಂದು ಅಪ್ಪ ಮೂರು ಸಲ ಹೇಳಿದ. ಅಕ್ಕೋರು ನಮ್ಮ ತಾಟಿನಲ್ಲಿ ಉಣ್ಣುವುದನ್ನು ನೋಡಬೇಕು, ಮರುದಿನ ಶಾಲೆಯಲ್ಲಿ ಅದನ್ನು ಎಲ್ಲರಿಗೂ ಹೇಳಬೇಕು ಅಂತ ನಾನು ಎಷ್ಟು ಕನಸು ಕಂಡೆನೋ. ಅಪ್ಪ ಶಾಲೆಗೆ ರಜೆ ಇರುವ ದಿನ ನೋಡಿ ಕರೆದಿದ್ದ. ಆ ರಜೆ ಯಾಕಿದೆ ಎಂದು ನೋಡಲಿಲ್ಲ. ಹುಣ್ಣಿಮೆಯಷ್ಟೇ ನೋಡುವ ಮನುಷ್ಯ, ಅದು ಮಹಾಲಯ ಅಮಾವಾಸ್ಯೆಯ ರಜೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಅವತ್ತು ಬೆಳಿಗ್ಗೆ ಹಿತ್ತಲಿನಿಂದ ಹೊಗೆ ಎದ್ದಾಗಲೇ ಅವನಿಗೆ ತಿಳಿದದ್ದು. ಅವ್ವ ಒಳಗೆ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು, ಬದನೆಕಾಯಿ ಎಣ್ಣೆಗಾಯಿ ಆಗಿತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವನು ನನ್ನನ್ನು ಕರೆದ.

"ಸುಮಿ, ಹಿತ್ತಲಕ್ಕ ಹೋಗು. ಅವರು ಹೋಗೂತನಕಾ ಒಲಿ ಆರಸಂತ ಹೇಳು ಆಯಿಗೆ. ಕೈ ಮುಗದ ಹೇಳ್ಯಾನಂತ ಹೇಳು."

ನಾನು ಹೋಗಿ ಹೇಳಿದೆ. ಆಯಿ ಸೌಟು ಕೆಳಗಿಟ್ಟಳು.

"ಇನ್ನೊಂದ ತಾಸಿನ ಮಾತ ಅದು, ಮಗಳ. ಹೀರಾ ಉಂಡ ಹೋಗ್ಲಿ, ನಾನ ಆರಸ್ತೀನಿ. ಕುದಿಯೂ ಗಡಿಗಿ ಹಂಗ ಬಿಡಬಾರದು."

ಹಾಗಂದು, ಮುತ್ತಲದ ಎಲೆ ತರಲು ಕಾಲುವೆಯ ದಂಡೆ ಹಿಡಿದು ದೂರ ಹೋದಳು. ಓಣಿಯ ಹೆಂಗಸರು ಇನ್ನೂ ಬಂದಿರಲಿಲ್ಲ. ಮುಂದಿನ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಆ ವಾಸನೆ ಚಪ್ಪರ ದಾಟಿ, ಅವ್ವನ ಖೋಲಿ ದಾಟಿ, ಅಕ್ಕೋರ ಮೂಗಿಗೆ ಹೋಗುತ್ತದೆ ಎಂದು ನನಗೆ ಕಣ್ಣು ಕತ್ತಲೆ ಬಂತು. ಒಲೆಗೆ ಒಂದು ಕೊಡ ನೀರು ಸುರಿದೆ. ಅಪ್ಪ ಹೇಳಿದ್ದು ಅಷ್ಟೇ. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಆಯಿಯ ಹಳೆ ಸೀರೆಯ ತುಂಡಿನಲ್ಲಿ ಗಡಿಗೆಯ ಕೊರಳು ಹಿಡಿದು ಎತ್ತಿಕೊಂಡು ಹೋಗಿ, ಬೇಲಿಯ ಸಂದಿಯಿಂದ ಅಷ್ಟನ್ನೂ ಕಾಲುವೆಗೆ ಸುರಿದೆ. ಖಾಲಿ ಗಡಿಗೆಯನ್ನು ತಂದು ಒಲೆಯ ಪಕ್ಕ ಬೋರಲು ಹಾಕಿದೆ. ತಿರುಗಿ ನೋಡಿದರೆ ಕಾಲುವೆಯ ಅಂಚಿಗೆ ಸಿಕ್ಕ ತುಂಡುಗಳ ಹತ್ತಿರ ಒಂದು ಕಾಗೆ ಆಗಲೇ ಬಂದು ಕೂತಿತ್ತು. ಅದು ತಿಂದಿತು. ನಾನು ಕಣ್ಣಾರೆ ನೋಡಿದೆ.

ಆಯಿ ಎಲೆ ಹಿಡಿದುಕೊಂಡು ಬಂದಳು. ಹೊಗೆಯಾಡುವ ಒದ್ದೆ ಬೂದಿಯನ್ನೂ ಗಡಿಗೆಯನ್ನೂ ನೋಡಿದಳು. ನನ್ನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ, ನಾನು ಅವಳ ವಾಟಗಾದಿಂದ ಕದ್ದು ತಿನ್ನುವ ಮೊಮ್ಮಗಳು.

"ನಿಮ್ಮಪ್ಪ ಬಂದಿದ್ದನೇನ ಇಲ್ಲಿ?"

ನಾನು ಹೂಂ ಅಂದೆ.

ಮುಂದಿನ ಖೋಲಿಯಲ್ಲಿ ಚಾಪೆ ಹಾಸಿ, ಹೊಸ ತಾಟು ಇಟ್ಟು, ಅವ್ವ ಬಡಿಸಲು ನಿಂತಿದ್ದಳು. ಹೆಡ್ ಮಾಸ್ತರು ಕುರ್ಚಿ ಬಿಟ್ಟು ಇಳಿಯಲಿಲ್ಲ. ಒಳ್ಳೆಯ ಮನುಷ್ಯರೇ, ನಗುತ್ತಲೇ ಹೇಳಿದರು.

"ತಪ್ಪ ತಿಳೀಬ್ಯಾಡ್ರಿ ಮಾಸ್ತರ. ನೀವು ಕರದಾಗ ನನಗೂ ಲಕ್ಷ್ಯಾ ಇರಲಿಲ್ಲ. ಇವತ್ತ ಹಿರ್ಯಾರ ಅಮಾಸಿರಿ. ಮನ್ಯಾಗ ಸತ್ತವರಿಗೆ ಎಡಿ ಇಟ್ಟ ಹೊರತು ನಾವು ಹೊರಗ ಉಣ್ಣಂಗಿಲ್ಲ."

ಉಳಿದಿಬ್ಬರೂ ಹೌದ್ರಿ ಹೌದ್ರಿ ಅಂದರು. ಬರಿಗೈಯಲ್ಲಿ ಕಳಿಸಬಾರದೆಂದು ಅವ್ವ ಬಾಳೆಹಣ್ಣು ತಂದಿಟ್ಟಳು. ಅಕ್ಕೋರು ನಾಜೂಕಾಗಿ ಸಿಪ್ಪೆ ಸುಲಿದು ತಿಂದರು, ಸಿಪ್ಪೆಯನ್ನು ತಾವೇ ಹೊರಗೆ ಹಾಕಿ ಬಂದರು. ಅದು ನೆಪವೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪ ಅವರನ್ನು ಓಣಿಯ ತುದಿಯವರೆಗೆ ಬಿಟ್ಟು ಬಂದ. ಅವ್ವ ಮಾಡಿದ ಹೋಳಿಗೆಯನ್ನು ಅವತ್ತು ನಮ್ಮ ಮನೆಯಲ್ಲಿ ಯಾರೂ ತಿನ್ನಲಿಲ್ಲ, ಸಂಜೆ ಓಣಿಯಲ್ಲಿ ಹಂಚಿದಳು.

ಅವತ್ತಿನಿಂದ ಆಯಿ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪನೂ ಆಯಿಯ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಎರಡು ಖೋಲಿ, ಒಂದು ಹಿತ್ತಲು, ಹದಿನಾಲ್ಕು ವರ್ಷ. ಔಷಧ ಬೇಕಾ ಕೇಳು ಎಂದು ಅಪ್ಪ ನನ್ನನ್ನು ಕಳಿಸುತ್ತಿದ್ದ, ಬ್ಯಾಡ ಅಂತ ಹೇಳು ಎಂದು ಆಯಿ ತಿರುಗಿ ಕಳಿಸುತ್ತಿದ್ದಳು. ನಾನು ಒಂದು ಮಾತು ಹೇಳಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಹೇಳಲು ಹಿತ್ತಲಿಗೆ ಹೋಗಿ ಹೋಗಿ ಬಂದಿದ್ದೇನೆ. ಆಯಿ ಆ ಒಲೆಯನ್ನು ಮತ್ತೆ ಹೊತ್ತಿಸಲಿಲ್ಲ. ಪ್ರತಿ ವರ್ಷ ಆ ಅಮಾವಾಸ್ಯೆಯ ದಿನ ತಣ್ಣಗಿನ ಕಲ್ಲುಗಳ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಹೀರಾ ಬಂದ ಹಸಕೊಂಡ ಹ್ವಾದ್ಲು ಎಂದು ಬೇಲಿಯ ಕಡೆ ನೋಡಿ ಹೇಳುತ್ತಿದ್ದಳು. ಇಲ್ಲ ಆಯಿ, ಕಾಗೆ ಬಂದಿತ್ತು, ತಿಂದಿತ್ತು ಎಂದು ಹೇಳಬೇಕು ಅನಿಸುತ್ತಿತ್ತು. ಎಲ್ಲಿ ತಿಂದಿತು ಎಂದು ಅವಳು ಕೇಳಿದರೆ ನಾನು ಏನು ಹೇಳಲಿ? ಶಾಲೆ ಬಿಟ್ಟು ಬಂದ ಮಧ್ಯಾಹ್ನಗಳಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ, ಚಪ್ಪರದಡಿ ಕೆಮ್ಮು ಕೇಳಿಸತೊಡಗಿತು. ಎರಡು ಸಲ ಕೆಮ್ಮಿ, ಸ್ವಲ್ಪ ನಿಂತು, ಮತ್ತೆ ಒಂದು ಸಲ, ಹೀರಾ ಅತ್ತಿ ಕೆಮ್ಮುತ್ತಿದ್ದದ್ದೇ ಹಾಗೆ. ಅವ್ವನಿಗೆ ಹೇಳಿದರೆ ನೆರಮನೆಯವರದು ಅನ್ನುತ್ತಿದ್ದಳು. ನೆರಮನೆಗೆ ಆಗ ಬೀಗ ಹಾಕಿತ್ತು.

ಆಯಿ ಕೊನೆಯ ಸಲ ಹಾಸಿಗೆ ಹಿಡಿದಾಗ ನಾನು ಬ್ಯಾಂಕಿನ ಮೊದಲ ಪೋಸ್ಟಿಂಗಿನಲ್ಲಿ ಅಥಣಿಯಲ್ಲಿದ್ದೆ. ಬರುವಷ್ಟರಲ್ಲಿ ಮಾತು ನಿಂತಿತ್ತು. ಕೆಮ್ಮು ಮಾತ್ರ ನನ್ನನ್ನು ಬಿಡಲಿಲ್ಲ. ಯಾವ ಊರಿಗೆ ಹೋದರೂ ಉಣ್ಣಲು ಕೂತಾಗ ಯಾರೋ ಪಕ್ಕದಲ್ಲಿ ತಟ್ಟೆಯನ್ನೇ ನೋಡುತ್ತ ಕೂತ ಹಾಗೆ. ನಾನು ಎಷ್ಟು ಊರಿನ ಎಷ್ಟು ಅಡುಗೆ ಉಂಡಿದ್ದೇನೆ, ಯಾವತ್ತೂ ಹೊಟ್ಟೆ ತುಂಬಿದೆ ಅನಿಸಿಲ್ಲ. ಓದುಗರು ಮೆಚ್ಚುವ ನನ್ನ ನಾಲಿಗೆ ಅಂದರೆ ಇಷ್ಟೇ. ಬೋಟಿಯನ್ನು ಮಾತ್ರ ಮುಟ್ಟಿರಲಿಲ್ಲ. ಹಕಾತಾದಲ್ಲಿ ಮುಟ್ಟಿದೆ. ಇಬ್ಬರ ಪಾಲನ್ನೂ ತಳದವರೆಗೆ ಉಂಡೆ, ಅಳುತ್ತ ಉಂಡೆ. ಅಂಗಡಿಯ ಹೆಂಗಸು ಖಾರ ಹೆಚ್ಚಾಯಿತೆಂದು ತಿಳಿದು ನೀರು ತಂದಿಟ್ಟಳು.

ಅಪ್ಪ ಈಗ ಚಿಕ್ಕೋಡಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾನೆ. ಎಂಬತ್ತಾರಾದರೂ ಕನ್ನಡಕ ಹಾಕಿಕೊಂಡು ನಾನು ಬರೆದದ್ದನ್ನೆಲ್ಲ ಓದುತ್ತಾನೆ, ತಪ್ಪಿದ್ದ ಕಡೆ ಪೆನ್ಸಿಲಿನಿಂದ ಗೀಟು ಹಾಕಿಡುತ್ತಾನೆ, ಮಾಸ್ತರ ಬುದ್ಧಿ. ಮೊನ್ನೆ ನಾನು ಈಗ ನಾನಿರುವ ನಿಪ್ಪಾಣಿಯಿಂದ ಹೋದಾಗ ಆ ಸಂಚಿಕೆ ಅವನ ತೊಡೆಯ ಮೇಲಿತ್ತು. ಗೀಟುಗಳಿರಲಿಲ್ಲ.

"ಇದು ನಮ್ಮ ಬೋಟಿನ ಅಲ್ಲೇನ?"

"ಹೌದಪ್ಪ."

"ಹೀರಾಗ ಒಂದ ವಾಟಗಾ ಕೊಡಸಿದ್ದರ ನನ್ನ ಗಂಟೇನ ಹೋಗತಿತ್ತು?" ಎಂದ. ಪತ್ರಿಕೆಯನ್ನು ಮಡಚಿದ. "ನಿನಗ ನೆನಪೈತೇನ, ಆ ಅಮಾಸಿ ದಿನಾ ಮಾಸ್ತರ ಮಂದಿ ಬಾಳಿಹಣ್ಣ ತಿಂದ ಹ್ವಾದ್ರಲ್ಲ. ಅವರನ್ನ ಕಳಿಸಿ ಬಂದ ನಾ ಸೀದಾ ಹಿತ್ತಲಕ್ಕ ಹೋಗಿದ್ದೆ. ನಮ್ಮವ್ವನ ಮುಂದ ನೆಲಕ್ಕ ಕುಂತು, ಹೀರಾನ ಹೆಸರಲೆ ನನಗೂ ಒಂದ ವಾಟಗಾ ಹಾಕ ಅಂತ ಬೇಡಬೇಕಂತ ಹೋಗಿದ್ದೆ. ನೋಡತೀನಿ, ಒಲಿ ಆರೇತಿ, ಗಡಿಗಿ ಬೋರಲ ಬಿದ್ದೈತಿ. ನನಗ ದಕ್ಕಬಾರದಂತ ಸಿಟ್ಟಲೆ ಚೆಲ್ಯಾಳ ಅನಕೊಂಡೆ. ಆಕೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಂಗ ಹೋಗಿಬಿಟ್ಲು."

ಇದು ನನಗೆ ಗೊತ್ತಿರಲಿಲ್ಲ. ಅವನು ಹಿತ್ತಲಿಗೆ ಹೋಗಿದ್ದ, ಉಣ್ಣಲು ಹೋಗಿದ್ದ ಎಂಬುದು ಐವತ್ತು ವರ್ಷ ನನಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಅವನೂ ಹಾಗೇ ಹೋಗಿಬಿಡುತ್ತಾನೆ ಅನಿಸಿತು. ಹೇಳಿದೆ.

"ಅಪ್ಪಾ, ಆಯಿ ಚೆಲ್ಲಲಿಲ್ಲ. ನಾ ಚೆಲ್ಲಿದೆ."

ಅವನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಮಡಚಿದ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಕೇಳಿದ.

"ಆಕಿಗೆ ಗೊತ್ತಿತ್ತೇನ?"

"ಇಲ್ಲ. ನೀನ ಚೆಲ್ಲಿದಿ ಅಂತ ತಿಳದಿದ್ಲು. ನಿಮ್ಮಪ್ಪ ಬಂದಿದ್ದನೇನ ಅಂತ ಕೇಳಿದ್ಲು. ನಾ ಹೂಂ ಅಂದಿದ್ದೆ."

ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೈಯಲಿಲ್ಲ. ಹೋಗಲಿ ಬಿಡು, ಸಣ್ಣಾಕಿ ಇದ್ದಿ ಅನ್ನುತ್ತಾನೇನೋ ಎಂದು ನಾನು ನಾಚಿಕೆಯಿಲ್ಲದೆ ಕಾದೆ. ಅದನ್ನೂ ಅನ್ನಲಿಲ್ಲ. ಅವನ ಕಣ್ಣು ನನ್ನ ಮೇಲಿತ್ತು, ಆದರೆ ಅವನು ನನ್ನನ್ನು ನೋಡುತ್ತಿರಲಿಲ್ಲ.

"ಇವತ್ತ ನೀ ಹೋಗು, ಸುಮಿ," ಎಂದ. "ನಾಳಿ ಬಾ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಮರುದಿನ ಹೋದೆ. ಅಪ್ಪ ಬಾಗಿಲಿಗೆ ಬಂದ, ನನ್ನ ಮುಖ ನೋಡಿದ, ಇವತ್ತ ಬ್ಯಾಡ, ನಾಳಿ ಬಾ ಎಂದ. ಅದರ ಮರುದಿನವೂ ಅದನ್ನೇ ಹೇಳಿದ. ದಿನಾ ಹೋಗುತ್ತಿದ್ದೇನೆ.